ಜೋಡಿ ಬಾಗಿಲಿನ ಕೊಂಡಿ

ಅಕ್ಕೂರಿನ ನಮ್ಮ ಮನೆಗೆ ಹೊಸ ತಲೆಬಾಗಿಲು ಮಾಡಿಸುವಾಗ ನಾನೊಂದು ಯಡವಟ್ಟು ಮಾಡಿದೆ. ಜೋಡಿ ಬಾಗಿಲು, ತಾತ ನೆಟ್ಟಿದ್ದ ಹಲಸಿನ ಮರದ ಹಲಗೆ. ಆಚಾರ್ರಿಗೆ ನಕ್ಷೆ ನಾನೇ ಕೊಡ್ತೀನಿ ಅಂತ ಲ್ಯಾಪ್‌ಟಾಪ್ ತೆಗೆದು ಕೂತೆ. ಎಡ ಕದ ಬರೆದು 'ಮಿರರ್' ಒತ್ತಿದರೆ ಬಲ ಕದ ತಾನೇ ಬಂತು. ಎಡ ಕದಕ್ಕೆ ಚಿಲಕ ಕೂರಿಸಿದೆ; ಬಲ ಕದಕ್ಕೂ ಬಂತು. ಎರಡಕ್ಕೂ ಚಿಲಕ ಯಾಕೆ ಅಂತ ನಡುವಿನ ಕೊಂಡಿಯನ್ನೇ ಕಳಚಿಬಿಟ್ಟೆ.

ವಾರ ಕಳೆದ ಮೇಲೆ ಅಪ್ಪನ ಫೋನು: "ಚೌಕಟ್ಟು ಎಲ್ಡಿಂಚು ಎತ್ರ ಮಾಡ್ಸಿವ್ನಿ ಕಣ್ಲಾ." ಎಡ ಕದ ಎತ್ತರಿಸಿ, ಕದಕ್ಕೊಂದರಂತೆ ಎರಡು ಹಾಳೆ ಕಳಿಸಿದೆ. ಬಲ ಕದ ಹಳೇ ಅಳತೆಯಲ್ಲೇ ಉಳಿದಿತ್ತು. ಇಂಜಿನಿಯರು ಕೊಟ್ಟ ನಕ್ಷೆ ಅಂತ ಆಚಾರ್ರು ಇದ್ದ ಹಾಗೇ ಕುಯ್ದರು.

ನಕಲಿಗೂ ಮೂಲಕ್ಕೂ ಕೊಂಡಿ ಇರಬೇಕೋ ಬೇಡವೋ ಅನ್ನುವ ಪ್ರಶ್ನೆ ಕಂಪ್ಯೂಟರಿಗಿಂತ ಹಳೆಯದು. ನಮ್ಮ ತಾಲ್ಲೂಕಿನ ಬೊಂಬೆ ಲೇತನ್ನೇ ನೋಡಿ. ಚನ್ನಪಟ್ಟಣದ ಕಸುಬುದಾರರು ತಿರುಗುವ ಆಲೆ ಮರದ ತುಂಡಿಗೆ ಉಳಿ ಹಿಡಿದು, ಮೊದಲ ಬೊಂಬೆಗೆ ಹೋಲಿಸುತ್ತಾ ಎರಡನೆಯದನ್ನು ಕಡೆಯುತ್ತಾರೆ, ಅರಗಿನ ಬಣ್ಣ ಹಚ್ಚುತ್ತಾರೆ. ಲೇತಿನಿಂದ ಕಳಚಿದ ಮೇಲೆ ಆ ಎರಡಕ್ಕೂ ನಂಟಿಲ್ಲ. ಅದು ಸ್ವತಂತ್ರ ನಕಲು.

1819ರಲ್ಲಿ ಅಮೆರಿಕದ ಥಾಮಸ್ ಬ್ಲಾಂಚರ್ಡ್ ಲೇತಿಗೆ ಕೊಂಡಿ ಹಾಕಿದ. ಕೋವಿಯ ಮರದ ಹಿಡಿ ಕಡೆಯುವ ಅವನ ಯಂತ್ರದಲ್ಲಿ ಒಂದು ಚಕ್ರ ಮಾದರಿಯ ಮೈಮೇಲೆ ಉರುಳುತ್ತಿತ್ತು. ಅದು ಏರಿಳಿದಂತೆ ಕತ್ತರಿಸುವ ಚಕ್ರವೂ ಏರಿಳಿದು, ಹೊಸ ಮರದಲ್ಲಿ ಅದೇ ಆಕಾರ ತೆಗೆಯುತ್ತಿತ್ತು. ಇದೇ ಜಾತಿಯ ಯಂತ್ರಗಳು ಬೂಟು ಹೊಲಿಯುವ ಮರದ ಅಚ್ಚಿಗೂ ಬಂದವು. ಮುಂದೆ ಬಲಗಾಲಿನ ಒಂದೇ ಮಾದರಿಯಿಂದ, ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ, ಎಡಗಾಲಿನ ಅಚ್ಚನ್ನೂ ಕಡೆಯುವಂತಾಯಿತು. ಮಾದರಿ ಬದಲಿಸಿದರೆ ಮುಂದಿನ ನಕಲುಗಳೆಲ್ಲ ಬದಲು. ಆದರೆ ಕಡೆದು ಮುಗಿದದ್ದು ಮುಗಿಯಿತು.

ಮುಗಿದ ನಕಲೂ ಬದಲಾಗುವ ಪವಾಡ ಕಂಡಿದ್ದು 1963ರಲ್ಲಿ. ಎಂಐಟಿಯಲ್ಲಿ ಓದುತ್ತಿದ್ದ ಐವಾನ್ ಸದರ್ಲ್ಯಾಂಡ್ ತನ್ನ ಪಿಎಚ್‌ಡಿಗಾಗಿ 'ಸ್ಕೆಚ್‌ಪ್ಯಾಡ್' ಬರೆದ. ಟಿಎಕ್ಸ್-2 ಕಂಪ್ಯೂಟರಿನ ಪರದೆ ಮೇಲೆ ಲೈಟ್ ಪೆನ್ನಿನಿಂದ ಚಿತ್ರ ಬರೆಯುವುದು. ಒಂದು ಮೂಲಚಿತ್ರ, ಅದರ ಹಲವು ಪ್ರತಿ. ಮೂಲವನ್ನು ತಿದ್ದಿದರೆ ಪ್ರತಿಗಳೂ ತಿದ್ದಿಕೊಳ್ಳುತ್ತಿದ್ದವು.

1985ರಲ್ಲಿ ಸ್ಯಾಮ್ಯುಯೆಲ್ ಗೈಸ್‌ಬರ್ಗ್ ಕಟ್ಟಿದ ಪ್ಯಾರಾಮೆಟ್ರಿಕ್ ಟೆಕ್ನಾಲಜಿ ಕಂಪನಿ, 1988ರಲ್ಲಿ 'ಪ್ರೊ/ಎಂಜಿನಿಯರ್' ತಂದಿತು. ಇದರಲ್ಲಿ ನಾವು ಮಾಡಿದ ಒಂದೊಂದು ಕೆಲಸವೂ ಸರದಿಯಲ್ಲಿ ದಾಖಲಾಗುತ್ತೆ. ಹಿಂದಿನ ಒಂದು ಅಳತೆ ತಿದ್ದಿದರೆ, ಅದನ್ನು ನೆಚ್ಚಿಕೊಂಡ ಮುಂದಿನದೆಲ್ಲ ಹೊಸದಾಗಿ ಲೆಕ್ಕವಾಗುತ್ತೆ. ಮಿರರ್ ಕೂಡ ಆ ಸರದಿಯಲ್ಲಿ ಒಂದು ಹೆಜ್ಜೆ. ಈಗಿನ ಸಾಲಿಡ್‌ವರ್ಕ್ಸ್‌ನಲ್ಲಿ ಒಂದು ಪಾರ್ಟನ್ನು ಮಿರರ್ ಮಾಡುವಾಗ 'ಮೂಲದ ಕೊಂಡಿ ಮುರಿ' ಅನ್ನೋ ಚಿಕ್ಕ ಚೌಕ ಇರುತ್ತೆ. ಟಿಕ್ ಮಾಡಿದರೆ ಚನ್ನಪಟ್ಟಣದ ಬೊಂಬೆ. ಬಿಟ್ಟರೆ ಸದರ್ಲ್ಯಾಂಡನ ಚಿತ್ರ.

ಹಾಗಾದರೆ ನಾನು ಮಾಡಬೇಕಿದ್ದದ್ದು ಏನು? ಅದನ್ನ ಆಚಾರ್ರನ್ನ ಕೇಳಿದ್ದರೆ ಸಾಕಿತ್ತು. ಅವರ ಪದ್ಧತಿಯಲ್ಲಿ ಎರಡೂ ಕದವನ್ನು ಪಕ್ಕಪಕ್ಕ ಇಟ್ಟು ಒಟ್ಟಿಗೆ ಗೀಟು ಹಾಕೋದು. ಚಿಲಕ ಕೊನೆಗೆ, ಬಾಗಿಲು ನಿಂತ ಮೇಲೆ. ಎತ್ತರ, ದಪ್ಪ ಯಾವತ್ತೂ ಒಂದೇ ಇರಬೇಕಾದವು, ಅಲ್ಲಿ ಕೊಂಡಿ ಇರಲಿ. ಚಿಲಕ ಒಂದೇ ಕದದ್ದು, ಅದನ್ನು ಸರದಿಯಲ್ಲಿ ಮಿರರ್ ಆದ ನಂತರ ಸೇರಿಸಿದರೆ ಇನ್ನೊಂದಕ್ಕೆ ಹೋಗುವುದಿಲ್ಲ. ನಾನು ಒಂದು ಚಿಲಕಕ್ಕೋಸ್ಕರ ಇಡೀ ನಂಟನ್ನೇ ಕಡಿದಿದ್ದೆ.

ಬಲ ಕದದ ಬುಡಕ್ಕೆ ಈಗ ಎರಡಿಂಚಿನ ಪಟ್ಟಿ ಕೊಟ್ಟಿದ್ದಾರೆ. ತಾತನ ಮರ ಅಷ್ಟು ಹೊತ್ತಿಗೆ ಮುಗಿದಿತ್ತು, ಹಾಗಾಗಿ ಪಟ್ಟಿಯ ಬಣ್ಣ ಬೇರೆ. ಊರಿಗೆ ಹೋದಾಗಲೆಲ್ಲ, ಬಾಗಿ ಚಪ್ಪಲಿ ಬಿಚ್ಚುವಾಗ ಅದು ಕಣ್ಣಿಗೆ ಬೀಳುತ್ತೆ.