ಬಪ್ಪ, ಹೋಪ ಮತ್ತು ಕಾಲೇಜಿನ ಕನ್ನಡ

ಪದವಿ ತರಗತಿಯಲ್ಲಿ ಇಂಗ್ಲಿಷ್ ಒಂದು ಭಾಷೆ; ಕನ್ನಡವೋ ಹಿಂದಿಯೋ ಸಂಸ್ಕೃತವೋ ಇನ್ನೊಂದು. ವಿಶ್ವವಿದ್ಯಾಲಯದ ಲೆಕ್ಕ ಬಹುಕಾಲ ಇಷ್ಟೇ ಆಗಿತ್ತು. ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಡೆಯ ವಿದ್ಯಾರ್ಥಿಗಳ ಲೆಕ್ಕ ಮಾತ್ರ ಬೇರೆ. ಇಲ್ಲಿ ಹೆಚ್ಚಿನ ಮನೆಗಳಲ್ಲಿ ಕುಂದಾಪ್ರ ಕನ್ನಡ, ಗಂಗೊಳ್ಳಿಯ ಪೇಟೆಯಲ್ಲಿ ಕೊಂಕಣಿ, ಶಿರೂರಿನಲ್ಲಿ ನವಾಯತಿ, ಬ್ರಹ್ಮಾವರದ ಸುತ್ತಮುತ್ತ ತುಳುವೂ ಉಂಟು. ಇವರಿಗೆ ಪುಸ್ತಕದ ಕನ್ನಡವೇ ಕಲಿಯಬೇಕಾದ ಎರಡನೆಯ ಭಾಷೆ. ಇಂಗ್ಲಿಷ್ ಆಮೇಲಿನದು.

ಆ ಎರಡನೆಯ ಭಾಷೆಯ ಮೊದಲ ಪಾಠ ಶಾಲೆಯಲ್ಲೇ ಆಗಬೇಕೆಂದೇನೂ ಇರಲಿಲ್ಲ. ಕೊಯ್ಲಾದ ಗದ್ದೆಯಲ್ಲಿ ನಡೆಯುವ ಬಯಲಾಟದಲ್ಲಿ ಪದ ಭಾಗವತರದು, ಮಾತು ವೇಷಧಾರಿಯದು. ಹಾಸ್ಯಗಾರನನ್ನು ಬಿಟ್ಟರೆ ಆ ಮಾತೆಲ್ಲ ಗ್ರಾಂಥಿಕ ಕನ್ನಡವೇ. ಚಾಪೆಯ ಮೇಲೆ ತೂಕಡಿಸುತ್ತ ಕೌರವನ ಮಾತು ಕೇಳಿದ ಮಗುವಿಗೆ ಪಠ್ಯಪುಸ್ತಕದ ಕನ್ನಡ ತೀರ ಪರಕೀಯವಾಗಿ ಕಾಣುತ್ತಿರಲಿಲ್ಲ.

ಇಂಗ್ಲಿಷಿಗೆ ಅಂಥ ರಂಗಸ್ಥಳವಿರಲಿಲ್ಲ. 1918ರಲ್ಲಿ ಮೊಗೇರಿಯಲ್ಲಿ ಹುಟ್ಟಿದ ಗೋಪಾಲಕೃಷ್ಣ ಅಡಿಗರು ಕುಂದಾಪುರದಲ್ಲಿ ಹೈಸ್ಕೂಲು ಮುಗಿಸಿ ಕಾಲೇಜಿಗಾಗಿ ಮೈಸೂರಿಗೆ ಹೋದರು. ದಕ್ಷಿಣ ಕನ್ನಡ ಆಗ ಮದರಾಸು ಪ್ರಾಂತ್ಯದಲ್ಲಿತ್ತು. ಘಟ್ಟ ಹತ್ತಿದರೆ ಅರಸರ ರಾಜ್ಯ. 1916ರಲ್ಲಿ ಆರಂಭವಾದ ಮೈಸೂರು ವಿಶ್ವವಿದ್ಯಾಲಯದಲ್ಲಿ ಕನ್ನಡ ಒಂದು ವಿಷಯವಾಗಿತ್ತು, ಪಾಠಗಳು ಇಂಗ್ಲಿಷಿನಲ್ಲಿ. ಬೋಧನೆಯೂ ಕನ್ನಡದಲ್ಲಿ ನಡೆಯಲೆಂಬ ಪ್ರಯತ್ನಕ್ಕೆ ಬಲ ಬಂದದ್ದು 1956ರಿಂದ 1960ರವರೆಗೆ ಕುವೆಂಪು ಕುಲಪತಿಗಳಾಗಿದ್ದಾಗ. ಅಡಿಗರು ಇಂಗ್ಲಿಷ್ ಓದಿ ಇಂಗ್ಲಿಷ್ ಅಧ್ಯಾಪಕರೇ ಆದರು. ಆದರೆ ನವ್ಯಕಾವ್ಯಕ್ಕೆ ದಾರಿ ಮಾಡಿದ 1954ರ ಸಂಕಲನಕ್ಕೆ ಅವರಿಟ್ಟ ಹೆಸರು ‘ಚಂಡೆಮದ್ದಳೆ’. ಎಲಿಯಟ್‌ನನ್ನು ಓದಿದ ಕವಿಯ ಕಿವಿಯಲ್ಲಿ ಊರಿನ ಆಟ ನಿಂತಿರಲಿಲ್ಲ.

1963ರಲ್ಲಿ ಕುಂದಾಪುರದಲ್ಲೇ ಭಂಡಾರ್‌ಕರ್ಸ್ ಕಾಲೇಜು ಆರಂಭವಾಯಿತು. ಪದವಿಗಾಗಿ ಊರು ಬಿಡಬೇಕಾದ ಪಾಡು ತಪ್ಪಿತು. ಹೆಣ್ಣುಮಕ್ಕಳಿಗೆ ಇದು ಎಷ್ಟು ದೊಡ್ಡ ಸಂಗತಿಯೆಂದು ಬೇರೆ ಹೇಳಬೇಕಿಲ್ಲ. ಇಲ್ಲಿ ಬಿ.ಕಾಂ. ಓದಿದ ವೈದೇಹಿಯವರು ಮುಂದೆ ಕತೆ ಬರೆದದ್ದು ಕನ್ನಡದಲ್ಲಿ, ಅದೂ ಅಡುಗೆಮನೆ, ಜಗಲಿಗಳ ಕುಂದಾಪ್ರ ಮಾತನ್ನು ಒಳಗೆ ಬಿಟ್ಟುಕೊಂಡು. ಅವರ ‘ಕ್ರೌಂಚ ಪಕ್ಷಿಗಳು’ ಸಂಕಲನಕ್ಕೆ 2009ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು.

ಎಲ್ಲರಿಗೂ ಆ ಧೈರ್ಯ ಬರುವುದಿಲ್ಲ. ಘಟ್ಟದ ಮೇಲಿನ ಹಾಸ್ಟೆಲಿನಲ್ಲಿ ‘ಬಪ್ಪ ವರ್ಷ ಊರಿಗೆ ಹೋಪ’ ಎಂದರೆ ಸುತ್ತಲಿನವರಿಗೆ ನಗು. ನಾಲ್ಕು ದಿನ ನಕ್ಕರೆ ಐದನೆಯ ದಿನ ಹುಡುಗ ‘ಬರುವ ವರ್ಷ’ ಎನ್ನತೊಡಗುತ್ತಾನೆ. ಫೋನಿನಲ್ಲಿ ಅಮ್ಮನೊಡನೆಯೂ ಹಾಗೇ ಮಾತಾಡುವವರಿದ್ದಾರೆ. ಮನೆಮಾತು ಕಳೆದುಹೋಗುವುದು ಇಂಗ್ಲಿಷಿನಿಂದ ಎಂದು ನಾವು ದೂರುತ್ತೇವೆ. ಅದಕ್ಕೂ ಮೊದಲೇ ‘ಶುದ್ಧ’ ಕನ್ನಡದ ಎದುರು ಅದು ನಾಚಿಕೊಂಡಿರುತ್ತದೆ.

ತಮಾಷೆಯೆಂದರೆ, ಅದೇ ಹುಡುಗ ಕನ್ನಡ ತರಗತಿಯಲ್ಲಿ ಪಂಪನ ಪಾಠಕ್ಕೆ ಕುಳಿತಾಗ ಹಳಗನ್ನಡದ ‘ಬರ್ಪ’, ‘ಪೋಪ’ಗಳು ಎದುರಾಗುತ್ತವೆ. ಕಾಲಕ್ರಮದಲ್ಲಿ ‘ಬರ್ಪ’ದ ರೇಫ ಬಿದ್ದು ‘ಬಪ್ಪ’ ಆಯಿತು. ಪಕಾರ ಹಕಾರವಾಗಿ ‘ಪೋಪ’ ‘ಹೋಪ’ ಆಯಿತು. ನಡುಗನ್ನಡದ ವಚನಗಳಲ್ಲಿಯೂ ‘ಬಪ್ಪುದು’ ಸಿಗುತ್ತದೆ. ನಕ್ಕವರೆಲ್ಲ ಅರ್ಥಕೋಶ ತೆರೆಯುವ ಹೊತ್ತಿಗೆ ಬೈಂದೂರಿನ ಹುಡುಗನಿಗೆ ಆ ಶಬ್ದದ ಅರ್ಥ ಗೊತ್ತಾಗಿರುತ್ತದೆ.