ನಿರಪರಾಧಿಯ ಪಕ್ಷದಲ್ಲಿ ಪ್ರೇಕ್ಷಕ

ಜಹೀರಾಬಾದ, ನಾರಾಯಣಖೇಡ, ತಾಂಡೂರು ಸೀಮೆಗಳು 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾಗುವವರೆಗೆ ಹೈದರಾಬಾದ್ ರಾಜ್ಯದ ಕನ್ನಡ ಜಿಲ್ಲೆಗಳಿಗೆ ಸೇರಿದ್ದುವೆಂಬುದನ್ನು ವಾಚಕರು ಬಲ್ಲರು. ಮೊದಲಿನೆರಡು ಬೀದರಿನಿಂದಲೂ ತಾಂಡೂರು ಗುಲ್ಬರ್ಗಾದಿಂದಲೂ ಬೇರ್ಪಟ್ಟು ಆಂಧ್ರಪ್ರದೇಶಕ್ಕೆ ಸಂದುವು, ಈಗ ತೆಲಂಗಾಣದಲ್ಲಿವೆ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು, ಜತೆಗೆ ಉರ್ದು ಹೀಗೆ ಮೂರನ್ನೂ ಕೇಳಿ ಬೆಳೆದ ನಮ್ಮವರಿಗೆ ಒಂದೇ ಚಲಚ್ಚಿತ್ರಕಥೆಯನ್ನು ಎರಡು ಭಾಷೆಗಳಲ್ಲಿ ನೋಡಿ ತೂಗುವ ಅನುಕೂಲವುಂಟು. ಮಾಡದ ತಪ್ಪನ್ನು ಹೊತ್ತವರ ಮೇಲೆ ನಮಗೆ ಮರುಕ ಹುಟ್ಟುವಂತೆ ನಿರ್ದೇಶಕರು ಏನು ಮಾಡುತ್ತಾರೆಂಬುದನ್ನು ಈ ಅನುಕೂಲದಿಂದಲೇ ಇಲ್ಲಿ ನೋಡಬಯಸಿದ್ದೇವೆ.

ಭಾರತದ ಚಿತ್ರಕಲೆ ಕಣ್ಣು ಬಿಟ್ಟದ್ದೇ ಇಂಥ ಒಬ್ಬ ನಿರಪರಾಧಿಯ ಕಥೆಯಿಂದ. ದಾದಾಸಾಹೇಬ ಫಾಲ್ಕೆಯವರ ‘ರಾಜಾ ಹರಿಶ್ಚಂದ್ರ’ 1913ರ ಮೇ 3ರಂದು ಮುಂಬಯಿಯಲ್ಲಿ ತೆರೆ ಕಂಡಿತು. ಅದು ಮೂಕಿಚಿತ್ರ. ಕಾಶಿಯ ರಾಜಕುಮಾರನನ್ನು ಕೊಂದಳೆಂಬ ಅಪವಾದ ಹರಿಶ್ಚಂದ್ರನ ಮಡದಿಯ ಮೇಲೆ ಬರುತ್ತದೆ. ಅವಳ ತಲೆ ಕಡಿಯುವ ಕೆಲಸ ಗಂಡನ ಪಾಲಿಗೇ ಬರುತ್ತದೆ. 1965ರಲ್ಲಿ ಇದೇ ಕಥೆ ಕನ್ನಡದಲ್ಲಿ ಹುಣಸೂರು ಕೃಷ್ಣಮೂರ್ತಿಯವರಿಂದಲೂ ತೆಲುಗಿನಲ್ಲಿ ಕೆ.ವಿ. ರೆಡ್ಡಿಯವರಿಂದಲೂ ಚಿತ್ರವಾಯಿತು. ಅಲ್ಲಿ ರಾಜಕುಮಾರ್, ಇಲ್ಲಿ ಎನ್.ಟಿ. ರಾಮರಾವ್. ಕನ್ನಡದ್ದು ಜನಮನದಲ್ಲಿ ನಿಂತಿತು. ತೆಲುಗಿನದು ಅಷ್ಟಾಗಿ ನಿಲ್ಲಲಿಲ್ಲ.

ಕಥೆಯ ಅನುಕ್ರಮವನ್ನು ಗಮನಿಸಬೇಕು. ಹಾವು ಕಚ್ಚಿ ಮಗ ಸತ್ತದ್ದನ್ನು, ತಾಯಿ ಅವನನ್ನು ಹೊತ್ತು ಸ್ಮಶಾನಕ್ಕೆ ಬಂದದ್ದನ್ನು, ಸುಂಕ ಕೊಡಲು ಗತಿಯಿಲ್ಲದೆ ನಿಂತದ್ದನ್ನು ನಾವು ಮೊದಲೇ ಕಂಡಿರುತ್ತೇವೆ. ಆಮೇಲಷ್ಟೇ ಆರೋಪ. ರಾಜಭಟರ ಕಣ್ಣಿಗೆ ಕಂಡದ್ದು ಒಂದು ಶವ, ಒಬ್ಬ ಹೆಂಗಸು. ನಮಗೆ ಕಂಡಿರುವುದು ಅವಳ ಇಡೀ ದಿನ. ನಮಗೆ ಗೊತ್ತಿರುವುದು ನ್ಯಾಯಾಧಿಕಾರಿಗೆ ಗೊತ್ತಿಲ್ಲ, ನಾವೋ ಎದ್ದು ಹೇಳುವಂತಿಲ್ಲ. ಮರುಕದ ಬೇರು ಇರುವುದು ಈ ಬಾಯಿಕಟ್ಟಿದ ಸಾಕ್ಷಿತ್ವದಲ್ಲಿಯೇ ಹೊರತು ಕಣ್ಣೀರಿನಲ್ಲಲ್ಲ ಎಂದು ನಮ್ಮ ಎಣಿಕೆ.

ಹರಿಶ್ಚಂದ್ರಕಾವ್ಯವನ್ನು ಬರೆದ ರಾಘವಾಂಕನ ಸೋದರಮಾವ ಹರಿಹರ. ಆತ ರಗಳೆಯಲ್ಲಿ ಹಾಡಿದ ಕಣ್ಣಪ್ಪನೂ ತೆರೆಗೆ ಬಂದನು. ಎಚ್.ಎಲ್.ಎನ್. ಸಿಂಹರ ‘ಬೇಡರ ಕಣ್ಣಪ್ಪ’ 1954ರದು. ಅದೇ ವರ್ಷ ತೆಲುಗಿನಲ್ಲಿ ‘ಕಾಳಹಸ್ತಿ ಮಹಾತ್ಮ್ಯಂ’ ಆಯಿತು. ಅದರಲ್ಲಿಯೂ ಕಣ್ಣಪ್ಪ ರಾಜಕುಮಾರರೇ. ಅವರು ನಟಿಸಿದ ತೆಲುಗು ಚಿತ್ರ ಅದೊಂದೇ.

ಇಲ್ಲಿ ಒಂದು ಮಾರ್ಪಾಡು ಕುತೂಹಲಕರ. ಹಳೆಯ ಕಥೆಯಲ್ಲಿ ಅರ್ಚಕನ ದೂರು ಮೈಲಿಗೆಯದು, ಲಿಂಗದ ಮುಂದೆ ಮಾಂಸವಿಟ್ಟರೆಂಬುದು. ಚಿತ್ರದಲ್ಲಿ ಅದರ ಮೇಲೆ ಕಳವಿನ ಅಪವಾದವೂ ಸೇರಿತು: ಗುಡಿಯ ಒಡವೆ ಕದ್ದನೆಂದು ಅರ್ಚಕ ಆರೋಪಿಸುತ್ತಾನೆ, ಬೇಡನಿಗೆ ಚಿತ್ರಹಿಂಸೆಯಾಗುತ್ತದೆ. ಯಾಕೆ ಸೇರಿಸಿರಬೇಕು? ಮೈಲಿಗೆಯ ದೂರಿನಲ್ಲಿ ವಾದಕ್ಕೆ ಎಡೆಯುಂಟು, ಬೇಡ ಮಾಂಸವಿಟ್ಟದ್ದು ನಿಜ. ಕಳವು ಹಾಗಲ್ಲ, ಅದು ಸುಳ್ಳೆಂದು ಕಂಡ ಪ್ರೇಕ್ಷಕ ಒಮ್ಮೆಲೇ ಬೇಡನ ಕಡೆಗೆ ವಾಲುತ್ತಾನೆ. ಲಾಭವಾಯಿತು, ನಷ್ಟವೂ ಆಯಿತು. ತಮಿಳಿನ ಪೆರಿಯಪುರಾಣದ ಅರ್ಚಕ ದುಷ್ಟನಲ್ಲ, ಭಕ್ತ. ಮರೆಯಲ್ಲಿ ನಿಂತು ನೋಡೆಂದು ಶಿವನೇ ಅವನಿಗೆ ಹೇಳುತ್ತಾನೆ. ನೋಡಿದ ಮೇಲೆ ಅವನ ದೂರು ಉಳಿಯುವುದಿಲ್ಲ. ದೂರುಗಾರನನ್ನೇ ಪ್ರೇಕ್ಷಕನನ್ನಾಗಿಸಿದ ಆ ಉಪಾಯ ನಮಗೆ ಹೆಚ್ಚು ಹಿಡಿಸುತ್ತದೆ.

ಹಿಂದಿಯ ‘ಜಾಗತೇ ರಹೋ’ ನಮ್ಮ ಸೀಮೆ ಹರಿದು ಹಂಚಿಹೋದ 1956ರದೇ. ಶಂಭು ಮಿತ್ರ, ಅಮಿತ್ ಮೈತ್ರ ಅದರ ನಿರ್ದೇಶಕರು. ಬಂಗಾಳಿಯಲ್ಲಿ ಅದು ‘ಏಕ್ ದಿನ್ ರಾತ್ರೆ’. ಹಳ್ಳಿಯಿಂದ ಕಲ್ಕತ್ತೆಗೆ ಬಂದ ರೈತನೊಬ್ಬ (ರಾಜ್ ಕಪೂರ್) ಬಾಯಾರಿ, ನೀರಿಗಾಗಿ ಒಂದು ದೊಡ್ಡ ಕಟ್ಟಡದೊಳಗೆ ಕಾಲಿಟ್ಟ. ಕಳ್ಳ ಕಳ್ಳ ಎಂಬ ಕೂಗೆದ್ದಿತು. ರಾತ್ರಿಯೆಲ್ಲ ಮನೆಯಿಂದ ಮನೆಗೆ ಅಡಗುತ್ತ ಹೋದವನಿಗೆ ಕಂಡದ್ದು ಮರ್ಯಾದಸ್ಥರ ಖೋಟಾನೋಟು, ಕಳ್ಳಭಟ್ಟಿ. ಅವನು ಹೆಚ್ಚು ಮಾತಾಡುವುದಿಲ್ಲ. ಅವನ ಬಾಯಾರಿಕೆಯನ್ನು ನಾವು ಮೊದಲ ರೀಲಿನಲ್ಲಿಯೇ ನೋಡಿರುವುದರಿಂದ ಅದು ಬೇಕಾಗಿಯೂ ಇಲ್ಲ.

ಉಪಾಧ್ಯಾಯರಾದ ನಾವು ಇದನ್ನು ಸುಮ್ಮನೆ ನೋಡಿ ಬರುವಂತಿಲ್ಲ. ತರಗತಿಯಲ್ಲಿ ಒಂದು ಪೆನ್ನು ಕಳೆದರೆ ಹರಿದ ಚೀಲದ ಹುಡುಗನನ್ನೇ ಮೊದಲು ಎಬ್ಬಿಸಿ ನಿಲ್ಲಿಸಿದ್ದೇವೆ. ಕನ್ನಡ ಮಾತ್ರ ಬಲ್ಲ ಹುಡುಗ ತೆಲುಗಿನಲ್ಲಿ ಕೇಳಿದ ಪ್ರಶ್ನೆಗೆ ತಲೆ ತಗ್ಗಿಸಿದರೆ ಅದನ್ನೇ ಒಪ್ಪಿಗೆಯೆಂದೂ ತಿಳಿದಿದ್ದೇವೆ. ಅವನ ಮೊದಲ ರೀಲನ್ನು ನಾವು ನೋಡಿರಲಿಲ್ಲ.

‘ಜಾಗತೇ ರಹೋ’ದಲ್ಲಿ ಬೆಳಗಾಗುತ್ತದೆ. ರೈತ ಆ ಕಟ್ಟಡದಿಂದ ಹೊರಗೆ ಬರುತ್ತಾನೆ. ಅವನು ಯಾರು, ಕಳ್ಳನೋ ಅಲ್ಲವೋ ಎಂದು ಕೇಳದೆ ಒಬ್ಬ ಹೆಂಗಸು (ನರ್ಗಿಸ್) ಅವನ ಬೊಗಸೆಗೆ ನೀರು ಹೊಯ್ಯುತ್ತಾಳೆ.