ನಾರ್ವಿಚ್ ಕೋಟೆಯ ಜೀರ್ಣೋದ್ಧಾರ

ಕ್ರಿ.ಶ. 1066ರಲ್ಲಿ ಹೇಸ್ಟಿಂಗ್ಸ್ ಕದನವನ್ನು ಗೆದ್ದು ಇಂಗ್ಲೆಂಡಿನ ಸಿಂಹಾಸನವನ್ನೇರಿದ ನಾರ್ಮಂಡಿಯ ವಿಲಿಯಮನು, ತನ್ನನ್ನು ದೊರೆಯೆಂದು ಮನಸಾರೆ ಒಪ್ಪದ ಪ್ರಜೆಗಳ ನಡುವೆ ರಾಜ್ಯಭಾರ ಮಾಡಬೇಕಾಗಿದ್ದುದರಿಂದ, ಕೈವಶವಾದ ಮುಖ್ಯ ಪಟ್ಟಣಗಳಲ್ಲೆಲ್ಲ ಕೋಟೆಗಳನ್ನು ಹಾಕಿಸುತ್ತ ಹೋದನು. ದೇಶದ ಪೂರ್ವಭಾಗದಲ್ಲಿ, ವೆನ್ಸಮ್ ನದಿಯ ದಡದ ಮೇಲಿದ್ದ ನಾರ್ವಿಚ್ ಆ ಕಾಲಕ್ಕೆ ಇಂಗ್ಲೆಂಡಿನ ದೊಡ್ಡ ಪಟ್ಟಣಗಳಲ್ಲೊಂದು. ವ್ಯಾಪಾರದಿಂದ ಸಂಪನ್ನವಾದ, ಆದಕಾರಣ ಅರಸನ ಕಣ್ಣಿಗೆ ಬೇಗನೆ ಬೀಳುವಂಥ ಊರು. ಅವನ ಆಳುಗಳು ಊರ ಮಧ್ಯದಲ್ಲೇ ಮಣ್ಣು ಪೇರಿಸಿ ದಿಬ್ಬವನ್ನೆಬ್ಬಿಸಿ, ಸುತ್ತಲೂ ಕಂದಕ ತೋಡಿ, ಮೇಲೆ ಮರದ ಕೋಟೆಯನ್ನು ನಿಲ್ಲಿಸಿದರು. ಇದಕ್ಕಾಗಿ ನಿವೇಶನ ಕಳೆದುಕೊಂಡ ಮನೆಗಳ ಲೆಕ್ಕ, ಗೆದ್ದವರೇ 1086ರಲ್ಲಿ ಬರೆಸಿದ ಡೂಮ್ಸ್‌ಡೇ ಎಂಬ ಕಂದಾಯದ ಕಡತದಲ್ಲಿ ಉಳಿದುಬಂದಿದೆ: 98. ಆ ಮನೆಗಳವರ ಹೆಸರನ್ನು ಬರೆದಿಡುವ ಅಗತ್ಯ ಯಾರಿಗೂ ಕಾಣಲಿಲ್ಲ.

ಕೋಟೆಯ ಮೊದಲ ಪರೀಕ್ಷೆಯೂ ಬಹುಬೇಗ ಒದಗಿತು. 1075ರಲ್ಲಿ, ನಾರ್ವಿಚ್ ಇರುವ ನಾರ್ಫೋಕ್ ಸೀಮೆಯ ಅರ್ಲ್ (ಮಾಂಡಲಿಕ) ರಾಲ್ಫನು ವಿಲಿಯಮನ ಮೇಲೆ ದಂಗೆಯೆದ್ದು, ಅದು ಕೈಗೂಡದೆ ಕಡಲು ದಾಟಿ ಹೋದಾಗ, ಹೊಸದಾಗಿ ಮದುವೆಯಾಗಿ ಬಂದಿದ್ದ ಅವನ ಹೆಂಡತಿ ಎಮ್ಮಾ ಈ ಕೋಟೆಯೊಳಗೆ ನಿಂತು, ಅರಸನ ಸೈನ್ಯ ಹಾಕಿದ ಮುತ್ತಿಗೆಯನ್ನು ತಿಂಗಳುಗಟ್ಟಲೆ ತಡೆದು, ಕೊನೆಗೆ ತನಗೂ ತನ್ನವರಿಗೂ ಪ್ರಾಣಾಭಯ ಪಡೆದುಕೊಂಡೇ ಬಾಗಿಲು ತೆರೆದಳು. ಗಂಡನ ದುಡುಕಿಗಿಂತ ಹೆಂಡತಿಯ ಧೈರ್ಯವೇ ಇಲ್ಲಿ ಸ್ಮರಣಾರ್ಹವಾದುದು.

ಇಂದು ಕಾಣುವ ಕಲ್ಲಿನ ಮಹಾಗೋಪುರ ಇದಕ್ಕೆ ಎರಡು ದಶಕ ಈಚಿನದು. ವಿಲಿಯಮನ ಮಗ ವಿಲಿಯಂ ರೂಫಸನ ಕಾಲದಲ್ಲಿ, ಸುಮಾರು 1095ರಲ್ಲಿ ಆರಂಭವಾದ ಕೆಲಸ, ಅವನ ತಮ್ಮ ಮೊದಲನೆಯ ಹೆನ್ರಿಯ ಆಳ್ವಿಕೆಯಲ್ಲಿ, 1121ರ ಸುಮಾರಿಗೆ ಮುಗಿಯಿತು. ಇದರ ಹೊರಮೈಗೆ ಬೇಕಾದ ಕಲ್ಲನ್ನು ನಾರ್ಮಂಡಿಯ ಕಾನ್ ಪಟ್ಟಣದ ಗಣಿಗಳಲ್ಲಿ ತೆಗೆದು, ಹಡಗುಗಳಲ್ಲಿ ಕಡಲು ದಾಟಿಸಿ, ನದಿಯ ಮೂಲಕ ಊರಿಗೆ ತಂದರು. ಎಪ್ಪತ್ತು ಅಡಿ ಎತ್ತರದ ಈ ಚೌಕಾಕಾರದ ಕಟ್ಟಡವನ್ನು ನೋಡಿದವರಿಗೆ ಮೊದಲು ಕಣ್ಸೆಳೆಯುವುದು, ಗೋಡೆಯ ಮೇಲೆ ಸಾಲುಸಾಲಾಗಿ ಬಿಡಿಸಿದ ಕುರುಡು ಕಮಾನುಗಳು. ಅವುಗಳ ಹಿಂದೆ ಕಿಟಕಿಯಿಲ್ಲ, ಬಾಗಿಲಿಲ್ಲ, ಶತ್ರುವಿನ ಬಾಣವನ್ನು ತಡೆಯುವ ಉಪಯೋಗವೂ ಇಲ್ಲ. ಅಂದರೆ ಇದು ರಕ್ಷಣೆಗೆಂದು ಮಾತ್ರ ಕಟ್ಟಿದ ಗೋಪುರವಲ್ಲ. ಕೆಳಗೆ ಸಂತೆಗೆ ಬಂದವನು ತಲೆಯೆತ್ತಿದಾಗಲೆಲ್ಲ ಆಳುವವನಾರೆಂಬುದನ್ನು ನೆನಪಿಸಲು ಕಟ್ಟಿದ ಅರಮನೆ. ಒಳಗೆ ನಡುಗೋಡೆಯೊಂದು ಕಟ್ಟಡವನ್ನು ಇಬ್ಭಾಗ ಮಾಡಿ, ಒಂದು ಕಡೆ ಸಭಾಮಂಟಪ, ಇನ್ನೊಂದು ಕಡೆ ಅರಸನ ಖಾಸಗಿ ಕೋಣೆಗಳು. ಮೂಲೆಯಲ್ಲಿ ಪ್ರಾರ್ಥನಾಮಂದಿರ, ಅಡುಗೆಮನೆ, ಗೋಡೆಯ ದಪ್ಪದಲ್ಲೇ ಅಡಗಿಸಿದ ಶೌಚಗೂಡುಗಳು, ದಿಬ್ಬವನ್ನು ಕೊರೆದು ಇಳಿದ ಆಳವಾದ ಬಾವಿ. ಇಷ್ಟೆಲ್ಲ ಸಜ್ಜುಗೊಳಿಸಿದ ಅರಮನೆಯಲ್ಲಿ ಹೆನ್ರಿಯು ಉಳಿದದ್ದಕ್ಕೆ ಪ್ರಸಿದ್ಧವಾದ ಸಂದರ್ಭ ಒಂದೇ, 1121ರ ಕ್ರಿಸ್ಮಸ್.

ಅರಸರ ಆಸಕ್ತಿ ಕುಗ್ಗಿದ ಮೇಲೆ ಅರಮನೆ ಸೆರೆಮನೆಯಾಯಿತು. ಹದಿನಾಲ್ಕನೆಯ ಶತಮಾನದಿಂದ ಹತ್ತೊಂಬತ್ತನೆಯ ಶತಮಾನದ ಕೊನೆಯವರೆಗೆ, ಅಂದರೆ ಐನೂರು ವರ್ಷಕ್ಕೂ ಮಿಕ್ಕು, ಸೀಮೆಯ ಕೈದಿಗಳನ್ನು ಕೂಡಿಹಾಕುತ್ತಿದ್ದುದು ಇಲ್ಲಿಯೇ. ಊರ ಸಾರ್ವಜನಿಕ ಬಯಲುಗಳಿಗೆ ಜಮೀನುದಾರರು ಬೇಲಿ ಹಾಕಿಕೊಂಡದ್ದನ್ನು ಪ್ರತಿಭಟಿಸಿ 1549ರಲ್ಲಿ ಸಾವಿರಾರು ರೈತರನ್ನು ಮೌಸ್‌ಹೋಲ್ಡ್ ಬಯಲಿನಲ್ಲಿ ಸೇರಿಸಿ, ನಾರ್ವಿಚ್ ಪಟ್ಟಣವನ್ನೇ ಕೆಲವು ವಾರ ಕೈವಶ ಮಾಡಿಕೊಂಡಿದ್ದ ರಾಬರ್ಟ್ ಕೆಟ್ಟನನ್ನು, ದಂಗೆ ಅಡಗಿದ ಮೇಲೆ, ಅದೇ ವರ್ಷದ ಡಿಸೆಂಬರಿನಲ್ಲಿ ಸರಪಳಿಯಿಂದ ಈ ಕೋಟೆಯ ಗೋಡೆಗೇ ತೂಗುಹಾಕಿದರು. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಖ್ಯಾತ ವಾಸ್ತುಶಿಲ್ಪಿ ಜಾನ್ ಸೋನ್ ಗೋಪುರದ ಒಡಲಿನೊಳಗೇ ಹೊಸ ಸೆರೆಮನೆಯನ್ನು ಕಟ್ಟಿಕೊಟ್ಟನು.

ಮೊದಲ ದೊಡ್ಡ ಜೀರ್ಣೋದ್ಧಾರ ನಡೆದದ್ದು ಒಳಗೆ ಕೈದಿಗಳಿದ್ದಾಗಲೇ. ಏಳು ಶತಮಾನಗಳ ಮಳೆಗಾಳಿಗೆ ಕಾನ್ ಕಲ್ಲು ಸವೆದು ಉದುರತೊಡಗಿದ್ದರಿಂದ, 1830ರ ದಶಕದಲ್ಲಿ ವಾಸ್ತುಶಿಲ್ಪಿ ಆಂಟನಿ ಸಾಲ್ವಿನ್ ಹೊರಮೈಯನ್ನೆಲ್ಲ ಬಾತ್ ಪಟ್ಟಣದ ಕಲ್ಲಿನಿಂದ ಹೊಸದಾಗಿ ಹೊದಿಸಿದನು. ಹಳೆಯ ಕಮಾನುಗಳ ಸಾಲನ್ನು ಆದಷ್ಟು ಹಾಗೆಯೇ ಅನುಸರಿಸಿದನೆಂಬುದು ನಿಜ. ಆದರೂ ಇಂದು ಪ್ರವಾಸಿಗಳು ವಿಲಿಯಮನ ಜನರಾದ ನಾರ್ಮನ್ನರದೆಂದು ಬೆರಗಿನಿಂದ ನೋಡುವ ಆ ಮುಖ ವಿಕ್ಟೋರಿಯಾ ರಾಣಿ ಪಟ್ಟಕ್ಕೆ ಬಂದ ಕಾಲದ್ದು. ಹಿಂದೆ ನಮ್ಮ ಅಜ್ಜಿಯರು ಹಳೆಯ ಒಡವೆಯನ್ನು ಕರಗಿಸಿ ಅದೇ ಮಾದರಿಯಲ್ಲಿ ಮತ್ತೆ ಮಾಡಿಸಿ, ಅತ್ತೆಯ ಒಡವೆಯೆಂದೇ ಹೇಳಿ ಹಾಕಿಕೊಳ್ಳುತ್ತಿದ್ದ ಬಗೆ ಇದು. ಸುಳ್ಳೆನ್ನುವಂತಿಲ್ಲ, ಪೂರ್ತಿ ದಿಟವೂ ಅಲ್ಲ.

1887ರಲ್ಲಿ ಕೈದಿಗಳನ್ನು ಮೌಸ್‌ಹೋಲ್ಡ್ ಕಡೆಯ ಹೊಸ ಸೆರೆಮನೆಗೆ ಸಾಗಿಸಿದ ತರುವಾಯ, ಸ್ಥಳೀಯ ವಾಸ್ತುಶಿಲ್ಪಿ ಎಡ್ವರ್ಡ್ ಬೋರ್ಡ್‌ಮನ್ ಕೋಟೆಯನ್ನು ವಸ್ತುಸಂಗ್ರಹಾಲಯವಾಗಿ ಮಾರ್ಪಡಿಸಿದನು. ಅದು 1894ರಲ್ಲಿ ಸಾರ್ವಜನಿಕರಿಗೆ ತೆರೆಯಿತು. ಇದರ ಮುಂದಿನ ದೊಡ್ಡ ಘಟ್ಟ ನಮ್ಮ ಕಾಲದ್ದು. 2020ರಲ್ಲಿ ಆರಂಭವಾಗಿ, ಅಂದಾಜನ್ನು ಮೀರಿ ಬೆಳೆದು, ಸುಮಾರು ಎರಡೂಮುಕ್ಕಾಲು ಕೋಟಿ ಪೌಂಡು ವೆಚ್ಚದಲ್ಲಿ ಪೂರ್ಣಗೊಂಡ ಕೆಲಸದಿಂದ, 2025ರ ಆಗಸ್ಟಿನಲ್ಲಿ ಗೋಪುರ ಮತ್ತೆ ಅರಮನೆಯಾಗಿ ತೆರೆದುಕೊಂಡಿತು. ಬೋರ್ಡ್‌ಮನ್ನನ ಮೇಲ್ಮೊಗಸಾಲೆಯನ್ನು ತೆಗೆದು, ನಾರ್ಮನ್ನರ ನೆಲವಿದ್ದ ಎತ್ತರಕ್ಕೇ ಹೊಸ ನೆಲ ಹಾಸಿ, ಹೆನ್ರಿಯ ಸಭಾಮಂಟಪವನ್ನು ಓಕ್ ಮರದ ಬಣ್ಣಬಣ್ಣದ ಪೀಠೋಪಕರಣಗಳಿಂದ ತುಂಬಿದ್ದಾರೆ. ಗಾಲಿಕುರ್ಚಿಯಲ್ಲಿ ಬಂದವರೂ ತೆನೆಗೋಡೆಯವರೆಗೆ ಏರುವಂತೆ ಲಿಫ್ಟ್ ಅಳವಡಿಸಿದ್ದಾರೆ. ಕೋಟೆಯೊಂದಕ್ಕೆ ಇದಕ್ಕಿಂತ ಸಾರ್ಥಕವಾದ ಸೇರ್ಪಡೆಯನ್ನು ನಾನು ಕಾಣೆ. ಊರ ಸ್ವಯಂಸೇವಕರು ವರ್ಷಗಟ್ಟಲೆ ಕುಳಿತು, ನಾರ್ಮನ್ನರ ಗೆಲುವನ್ನು ಚಿತ್ರಿಸುವ ಪ್ರಸಿದ್ಧ ಬಾಯೋ ಕಸೂತಿಪಟದ ಹೊಲಿಗೆಯಲ್ಲೇ, ಆ ಗೆಲುವಿನ ನಂತರ ನಾರ್ಫೋಕಿನಲ್ಲಿ ನಡೆದುದನ್ನು ಉದ್ದನೆಯ ಬಟ್ಟೆಯ ಮೇಲೆ ಬಿಡಿಸಿದ್ದಾರೆ.

ಕೆಲಸದ ಅಚ್ಚುಕಟ್ಟಿನಲ್ಲಿ ನನಗೆ ತಕರಾರಿಲ್ಲ. ಆದರೆ ಒಂದು ಕ್ರಿಸ್ಮಸ್ಸಿನ ವೈಭವಕ್ಕೆ ಸಂದ ಹಣ ಮತ್ತು ಶ್ರಮದ ಮುಂದೆ ಐದು ಶತಮಾನಗಳ ಸೆರೆವಾಸಕ್ಕೆ ದೊರೆತ ಸ್ಥಾನ ಕಿರಿದೆಂದೇ ನನ್ನ ಅಭಿಪ್ರಾಯ. ನಾರ್ವಿಚ್ಚಿನ ಜನ ಈ ಕೊರತೆಯನ್ನು ಹಿಂದೆಯೇ ಅರಿತಿದ್ದರು. ಕೆಟ್ಟನು ಸತ್ತು ನಾನೂರು ವರ್ಷವಾದಾಗ, 1949ರಲ್ಲಿ, ಅವನನ್ನು ನ್ಯಾಯಕ್ಕಾಗಿ ಹೋರಾಡಿದ ನಾಯಕನೆಂದು ಗೌರವಿಸುವ ಫಲಕವನ್ನು ಅವರು ಕೋಟೆಯ ಗೋಡೆಗೆ ಹಾಕಿಸಿದರು. ಇದಕ್ಕೆ ಮುಂದಾಗಿ ನಿಂತವರು ನಗರಸಭೆಯ ಹಿರಿಯ ಸದಸ್ಯ ಫ್ರೆಡ್ ಹೆಂಡರ್ಸನ್. ಯೌವನದಲ್ಲಿ, ನಿರುದ್ಯೋಗಿಗಳ ಗಲಭೆಯ ಸಂಬಂಧವಾಗಿ, ಅವರೂ ಇದೇ ಕೋಟೆಯಲ್ಲಿ ಸೆರೆಯಲ್ಲಿದ್ದವರು. ಅತ್ತ ಕಡೆ ಹೋಗುವ ಓದುಗರು ಅರಸನ ಮಂಟಪವನ್ನು ಅವಶ್ಯವಾಗಿ ನೋಡಲಿ. ಒಳಗೆ ಕಾಲಿಡುವ ಮುನ್ನ ಆ ಫಲಕವನ್ನೊಮ್ಮೆ ಓದಿಕೊಳ್ಳಲಿ.